ಸಣ್ಣ ಕಾಲೇಜು, ದೊಡ್ಡ ಹಟ: ಅಮೆರಿಕದ ನಾಲ್ಕು ಲಿಬರಲ್ ಆರ್ಟ್ಸ್ ಕಾಲೇಜುಗಳ ನಡುವೆ ಆಯ್ಕೆ ಮಾಡುವ ಬಗೆ

ಪಿಯುಸಿ ಮುಗಿದ ಮೇಲೆ ಅಮೆರಿಕದಲ್ಲಿ ಪದವಿ ಓದಬೇಕೆಂಬ ಯೋಚನೆ ಹುಟ್ಟಿದ ಮನೆಗಳಲ್ಲಿ ಮೊದಲು ಕೇಳಿಬರುವ ಹೆಸರುಗಳೆಲ್ಲ ದೊಡ್ಡ ವಿಶ್ವವಿದ್ಯಾಲಯಗಳವು. ಮೂವತ್ತು ನಲವತ್ತು ಸಾವಿರ ವಿದ್ಯಾರ್ಥಿಗಳಿರುವ ಆ ಸಂಸ್ಥೆಗಳ ನೆರೆಯಲ್ಲೇ, ಒಂದೂವರೆ ಸಾವಿರದ ಆಸುಪಾಸಿನ ವಿದ್ಯಾರ್ಥಿಗಳನ್ನಷ್ಟೇ ಸೇರಿಸಿಕೊಂಡು, ಸ್ನಾತಕೋತ್ತರ ತರಗತಿಗಳ ಗೊಡವೆಗೆ ಹೆಚ್ಚಾಗಿ ಹೋಗದೆ, ಪದವಿ ಶಿಕ್ಷಣವನ್ನೇ ತಮ್ಮ ಮುಖ್ಯ ಕೆಲಸವೆಂದು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಸಣ್ಣ ಕಾಲೇಜುಗಳೂ ಇವೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯುವುದು ಅರ್ಜಿಯ ಗಡುವು ಹತ್ತಿರ ಬಂದಾಗ. ತಿಳಿದ ಮೇಲೂ ತೊಡಕು ತಪ್ಪುವುದಿಲ್ಲ. ಯಾವ ಕಾಲೇಜಿನ ಜಾಲತಾಣವನ್ನು ತೆರೆದರೂ ಅದೇ ಸಣ್ಣ ತರಗತಿ, ಅದೇ ಆತ್ಮೀಯ ಅಧ್ಯಾಪಕರು, ಮರದ ನೆರಳಲ್ಲಿ ಕೂತು ನಗುತ್ತಿರುವ ಅದೇ ಮೂವರು ವಿದ್ಯಾರ್ಥಿಗಳು.

ಈ ಕಾಲೇಜುಗಳನ್ನು ಒಂದರಿಂದ ಒಂದನ್ನು ಬಿಡಿಸಿ ನೋಡಲು ರ‍್ಯಾಂಕಿಂಗ್ ಪಟ್ಟಿಗಳಿಗಿಂತ ಅವುಗಳ ಇತಿಹಾಸ ಹೆಚ್ಚು ನೆರವಾಗುತ್ತದೆ ಎಂಬುದು ಈ ಬರಹದ ನಿಲುವು. ದೊಡ್ಡ ವಿಶ್ವವಿದ್ಯಾಲಯ ಬಂದವರಿಗೆಲ್ಲ ಏನಾದರೊಂದನ್ನು ಬಡಿಸಬಲ್ಲದು. ಸಣ್ಣ ಕಾಲೇಜಿಗೆ ಆ ಶಕ್ತಿಯಿಲ್ಲ. ಹೀಗಾಗಿ ಅದು ಒಂದಲ್ಲ ಒಂದು ಕಾಲದಲ್ಲಿ, ಹಣದ ಮುಗ್ಗಟ್ಟಿನಲ್ಲೋ ತತ್ತ್ವದ ಜಗಳದಲ್ಲೋ, ಒಂದು ಹಟವನ್ನು ಹಿಡಿದಿರುತ್ತದೆ. ಆ ಹಟವೇ ಇಂದಿಗೂ ಅಲ್ಲಿನ ವಿದ್ಯಾರ್ಥಿಯ ಬೆಳಗನ್ನೂ ರಾತ್ರಿಯನ್ನೂ ನಿರ್ಧರಿಸುತ್ತದೆ. ಹಟ ಸ್ಪಷ್ಟವಾಗಿ ಕಾಣುವ ನಾಲ್ಕು ಕಾಲೇಜುಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ: ಮೇರಿಲ್ಯಾಂಡಿನ ಸೇಂಟ್ ಜಾನ್ಸ್, ಅಯೊವಾದ ಗ್ರಿನೆಲ್, ಆರೆಗಾನಿನ ರೀಡ್ ಮತ್ತು ಕೆಂಟಕಿಯ ಬೆರಿಯಾ. ಇವು ಅಮೆರಿಕದ ಅತ್ಯುತ್ತಮ ನಾಲ್ಕು ಕಾಲೇಜುಗಳೆಂದು ನಾನು ಹೇಳುತ್ತಿಲ್ಲ. ಒಂದರಲ್ಲಿ ಅರಳುವ ವಿದ್ಯಾರ್ಥಿ ಇನ್ನೊಂದರಲ್ಲಿ ಬಾಡಿಹೋಗುವಷ್ಟು ಇವು ಬೇರೆಬೇರೆಯಾಗಿರುವುದರಿಂದ ಹೋಲಿಕೆಗೆ ಒದಗುತ್ತವೆ.

ಹೆಸರಿನ ಬಗ್ಗೆ ಒಂದು ಮಾತು ಅಗತ್ಯ. ‘ಆರ್ಟ್ಸ್’ ಎಂದೊಡನೆ ನಮಗೆ ನೆನಪಾಗುವುದು ಎಚ್‌ಇಪಿಎಸ್ ಕಾಂಬಿನೇಷನ್. ಪಿಸಿಎಂಬಿ ಓದಿದ ಮಗಳು ಅಲ್ಲಿಗೆ ಹೋಗಿ ಏನು ಮಾಡುತ್ತಾಳೆ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಆದರೆ ಮಧ್ಯಯುಗದ ಯುರೋಪು ಲಿಬರಲ್ ಆರ್ಟ್ಸ್ ಎಂದು ಕರೆದದ್ದು ವ್ಯಾಕರಣ, ತರ್ಕ, ವಾಕ್ಪಟುತ್ವ, ಅಂಕಗಣಿತ, ರೇಖಾಗಣಿತ, ಖಗೋಳ ಮತ್ತು ಸಂಗೀತ ಎಂಬ ಏಳು ವಿದ್ಯೆಗಳನ್ನು. ‘ಲಿಬರಲ್’ ಎಂದರೆ ಯಾರ ಆಳೂ ಅಲ್ಲದ ಸ್ವತಂತ್ರ ಮನುಷ್ಯನಿಗೆ ತಕ್ಕದ್ದು ಎಂದು ಅರ್ಥ. ಇಂದಿನ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಭೌತಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್ ವಿಜ್ಞಾನಗಳು ಇತಿಹಾಸ, ತತ್ತ್ವಶಾಸ್ತ್ರಗಳಷ್ಟೇ ಗಟ್ಟಿಯಾಗಿ ನಡೆಯುತ್ತವೆ. ಓದು ನಾಲ್ಕು ವರ್ಷದ್ದು, ಮೇಜರ್ ಎಂದು ಕರೆಯುವ ಮುಖ್ಯ ವಿಷಯವನ್ನು ಆರಿಸುವುದು ಸಾಮಾನ್ಯವಾಗಿ ಎರಡನೆಯ ವರ್ಷದಲ್ಲಿ. ನಾಲ್ಕು ವರ್ಷದ ಪದವಿಯನ್ನು 2021-22ರಲ್ಲಿ ತಂದು 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದ ಕರ್ನಾಟಕದ ಓದುಗರಿಗೆ ಈ ನಾಲ್ಕನೆಯ ವರ್ಷ ಏತಕ್ಕೆ ಎಂಬ ಪ್ರಶ್ನೆ ಹೊಸದಲ್ಲ. ರೀಡ್ ಕಾಲೇಜಿನ ಮಾತು ಬಂದಾಗ ಅದಕ್ಕೊಂದು ಉತ್ತರ ಸಿಗುತ್ತದೆ.

ಸೇಂಟ್ ಜಾನ್ಸ್: ಓದಬೇಕಾದದ್ದು ಮೊದಲೇ ಗೊತ್ತಾಗಿರುವ ಕಾಲೇಜು

ಅನಾಪೊಲಿಸ್ ಪಟ್ಟಣದಲ್ಲಿ 1696ರಲ್ಲಿ ಕಿಂಗ್ ವಿಲಿಯಮ್ಸ್ ಸ್ಕೂಲ್ ಎಂಬ ಶಾಲೆ ಶುರುವಾಯಿತು. 1784ರಲ್ಲಿ ಅದರ ಬೇರಿನಿಂದಲೇ ಸೇಂಟ್ ಜಾನ್ಸ್ ಕಾಲೇಜು ಸನ್ನದು ಪಡೆಯಿತು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರೂ ಅದನ್ನು ಕಟ್ಟಿದವರಲ್ಲಿ ಇದ್ದರು. ಇಷ್ಟು ಹಳೆಯ ಹೆಸರಿದ್ದರೂ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕಾಲೇಜು ಮಾನ್ಯತೆಯನ್ನೂ ಕಳೆದುಕೊಂಡು ಮುಚ್ಚುವ ಸ್ಥಿತಿಗೆ ಬಂದಿತ್ತು. ಆಗ, 1937ರಲ್ಲಿ, ಅಧ್ಯಕ್ಷರಾಗಿ ಬಂದ ಸ್ಟ್ರಿಂಗ್‌ಫೆಲೊ ಬಾರ್ ಮತ್ತು ಡೀನ್ ಆಗಿ ಬಂದ ಸ್ಕಾಟ್ ಬುಕಾನನ್ ಇದ್ದ ಪಠ್ಯಕ್ರಮವನ್ನೆಲ್ಲ ಪಕ್ಕಕ್ಕಿಟ್ಟು ‘ನ್ಯೂ ಪ್ರೋಗ್ರಾಂ’ ಎಂಬ ಒಂದೇ ಕ್ರಮವನ್ನು ತಂದರು. ವಿಭಾಗಗಳಿಲ್ಲ, ಮೇಜರ್ ಇಲ್ಲ, ಐಚ್ಛಿಕ ವಿಷಯಗಳು ಹೆಸರಿಗಷ್ಟೇ. ಹೋಮರನಿಂದ ಹಿಡಿದು ಇಪ್ಪತ್ತನೆಯ ಶತಮಾನದವರೆಗಿನ ಮೂಲಗ್ರಂಥಗಳನ್ನು ಎಲ್ಲ ವಿದ್ಯಾರ್ಥಿಗಳೂ ಒಂದೇ ಅನುಕ್ರಮದಲ್ಲಿ ಓದಬೇಕು. ‘ಹೊಸದು’ ಎಂಬ ಆ ಹೆಸರಿಗೆ ಈಗ ತೊಂಬತ್ತು ವರ್ಷ ಸಮೀಪಿಸುತ್ತಿದೆ, ಕ್ರಮದ ತಿರುಳು ಬದಲಾಗಿಲ್ಲ.

ದಿನಚರಿಯಲ್ಲಿ ಇದು ಹೇಗಿರುತ್ತದೆ ಎಂಬುದನ್ನು ವಿವರವಾಗಿ ನೋಡಬೇಕು, ಏಕೆಂದರೆ ಗ್ರಂಥಗಳ ಪಟ್ಟಿಯನ್ನು ನೋಡಿ ಮನಸೋಲುವವರು ದಿನಚರಿಯನ್ನು ನೋಡಿ ಹಿಂದೆಗೆಯುವುದುಂಟು. ಸೋಮವಾರ ಮತ್ತು ಗುರುವಾರ ರಾತ್ರಿ ಎರಡು ಗಂಟೆಗಳ ಸೆಮಿನಾರ್ ನಡೆಯುತ್ತದೆ. ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳು ಒಂದು ದೊಡ್ಡ ಮೇಜಿನ ಸುತ್ತ ಕೂರುತ್ತಾರೆ, ಜೊತೆಗೆ ಇಬ್ಬರು ಅಧ್ಯಾಪಕರು. ಅವರಲ್ಲೊಬ್ಬರು ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಾರೆ, ಉಳಿದದ್ದು ವಿದ್ಯಾರ್ಥಿಗಳ ಪಾಲಿನದು. ಅಧ್ಯಾಪಕರಿಗೆ ಅಲ್ಲಿ ಪ್ರೊಫೆಸರ್ ಎಂಬ ಹೆಸರೇ ಇಲ್ಲ, ಎಲ್ಲರೂ ಟ್ಯೂಟರ್‌ಗಳು. ಈ ವರ್ಷ ಗ್ರೀಕ್ ಭಾಷೆ ಕಲಿಸಿದವರು ಮುಂದಿನ ವರ್ಷ ನ್ಯೂಟನ್ನನ ಗಣಿತವನ್ನು ಓದಿಸಬಹುದು. ಕಲಿಸುವವನೂ ಕಲಿಯುತ್ತಿರಬೇಕೆಂಬುದು ಅಲ್ಲಿನ ನಿಯಮ. ಮೊದಲ ಎರಡು ವರ್ಷ ಪ್ರಾಚೀನ ಗ್ರೀಕ್, ಮುಂದಿನ ಎರಡು ವರ್ಷ ಫ್ರೆಂಚ್. ಗಣಿತ ನಾಲ್ಕೂ ವರ್ಷ ಕಡ್ಡಾಯ: ಯೂಕ್ಲಿಡ್‌ನಿಂದ ಹೊರಟು, ಟಾಲೆಮಿಯ ಖಗೋಳವನ್ನು ದಾಟಿ, ನ್ಯೂಟನ್ನನ ಮೂಲಕ ಐನ್‌ಸ್ಟೈನನವರೆಗೆ. ವಿದ್ಯಾರ್ಥಿ ಬೋರ್ಡಿನ ಮುಂದೆ ನಿಂತು ಪ್ರಮೇಯವನ್ನು ಸಾಧಿಸಿ ತೋರಿಸಬೇಕು. ಪ್ರಯೋಗಾಲಯ ಮೂರು ವರ್ಷ. ಸಂಗೀತವನ್ನೂ ಬಿಡುವಂತಿಲ್ಲ.

ಅಂಕಗಳು ದಾಖಲಾಗುತ್ತವೆ, ಆದರೆ ಕೇಳಿದವರಿಗಷ್ಟೇ ತಿಳಿಸುತ್ತಾರೆ. ಅದಕ್ಕಿಂತ ಕಠಿಣವಾದದ್ದು ‘ಡಾನ್ ರ‍್ಯಾಗ್’ ಎಂಬ ಪದ್ಧತಿ: ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಅವನ ಟ್ಯೂಟರ್‌ಗಳೆಲ್ಲ ಅವನ ಓದು, ಮಾತು, ಮೌನಗಳ ಬಗ್ಗೆ, ಅವನು ಅಲ್ಲಿ ಇಲ್ಲವೇ ಇಲ್ಲವೇನೋ ಎಂಬಂತೆ, ಪ್ರಥಮ ಪುರುಷದಲ್ಲಿ ಪರಸ್ಪರ ಮಾತಾಡಿಕೊಳ್ಳುತ್ತಾರೆ, ಕೊನೆಯಲ್ಲಿ ಅವನಿಗೆ ಉತ್ತರಿಸುವ ಅವಕಾಶ. ತರಗತಿಯಲ್ಲಿ ಬಾಯಿಬಿಡದೆ ಪರೀಕ್ಷೆಯಲ್ಲಿ ಬರೆದು ಗೆಲ್ಲುವುದನ್ನೇ ಹತ್ತು ಹನ್ನೆರಡು ವರ್ಷ ಅಭ್ಯಾಸ ಮಾಡಿದ ನಮ್ಮ ಮಕ್ಕಳಿಗೆ ಮೊದಲ ಡಾನ್ ರ‍್ಯಾಗ್ ಒಂದು ಪೆಟ್ಟಿನಂತೆಯೇ ಬೀಳುವುದು ಖಂಡಿತ. ಅದನ್ನು ತಡೆದುಕೊಂಡು ಮಾತು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ ಎಂದು ನನಗನ್ನಿಸುತ್ತದೆ.

ಕೊರತೆಯನ್ನೂ ಹೇಳಬೇಕು. ಪದವಿಯ ಪಟ್ಟಿ ಗ್ರೀಸಿನಿಂದ ಹೊರಟು ಯುರೋಪು, ಅಮೆರಿಕಗಳ ಹಾದಿಯಲ್ಲೇ ಸಾಗುತ್ತದೆ. ಉಪನಿಷತ್ತು, ಮಹಾಭಾರತಗಳನ್ನು ಹೀಗೆಯೇ ಮೇಜಿನ ಸುತ್ತ ಕೂತು ಓದಬೇಕೆನ್ನುವವರಿಗೆ ಕಾಲೇಜಿನ ಎರಡನೆಯ ಆವರಣವಾದ, 1964ರಲ್ಲಿ ನ್ಯೂ ಮೆಕ್ಸಿಕೊದ ಸಾಂಟಾ ಫೆಯಲ್ಲಿ ತೆರೆದ ಶಾಖೆಯಲ್ಲಿ, ಪೌರ್ವಾತ್ಯ ಗ್ರಂಥಗಳ ಒಂದು ಸ್ನಾತಕೋತ್ತರ ಕ್ರಮವಿದೆ. ಅಲ್ಲಿ ಸಂಸ್ಕೃತ ಅಥವಾ ಪ್ರಾಚೀನ ಚೀನೀ ಭಾಷೆಯನ್ನು ಕಲಿಯುತ್ತಾರೆ. ಆದರೆ ಅದು ಪದವಿ ಮುಗಿಸಿದವರಿಗೆ, ಹದಿನೆಂಟರ ಹುಡುಗನಿಗಲ್ಲ.

ಗ್ರಿನೆಲ್: ಕಡ್ಡಾಯವೇ ಇಲ್ಲದ ಕಾಲೇಜು

ಸೇಂಟ್ ಜಾನ್ಸ್‌ನ ಹಟವನ್ನು ತಲೆಕೆಳಗು ಮಾಡಿ ನಿಲ್ಲಿಸಿದರೆ ಗ್ರಿನೆಲ್ ಸಿಗುತ್ತದೆ. 1846ರಲ್ಲಿ ಅಯೊವಾ ಕಾಲೇಜ್ ಎಂಬ ಹೆಸರಿನಲ್ಲಿ ಡ್ಯಾವೆನ್‌ಪೋರ್ಟಿನಲ್ಲಿ ಹುಟ್ಟಿ, 1858ರಲ್ಲಿ ಗ್ರಿನೆಲ್ ಊರಿಗೆ ಸ್ಥಳಾಂತರಗೊಂಡ ಈ ಕಾಲೇಜಿನ ಕಟ್ಟಡಗಳನ್ನು 1882ರ ಜೂನಿನ ಒಂದು ಸುಂಟರಗಾಳಿ ನೆಲಸಮ ಮಾಡಿತು. ಅದನ್ನು ಮೊದಲಿನಿಂದ ಕಟ್ಟಿಕೊಳ್ಳಬೇಕಾಯಿತು. ಊರನ್ನು ಸ್ಥಾಪಿಸಿದ ಜೋಸೈಯಾ ಗ್ರಿನೆಲ್ ಗುಲಾಮಗಿರಿಯ ಕಡು ವಿರೋಧಿ. ಸಾಮಾಜಿಕ ಹೊಣೆಯ ಮಾತು ಅಲ್ಲಿ ಇಂದಿಗೂ ಜೋರಾಗಿ ಕೇಳಿಸುವುದಕ್ಕೆ ಆ ಬೇರೂ ಒಂದು ಕಾರಣ.

ಇಂದಿನ ಗ್ರಿನೆಲ್ಲಿನ ಸ್ವಭಾವವನ್ನು ನಿಶ್ಚಯಿಸಿದ್ದು 1970ರ ದಶಕದ ಆರಂಭದ ಒಂದು ತೀರ್ಮಾನ: ಸಾಮಾನ್ಯ ಕಡ್ಡಾಯ ವಿಷಯಗಳನ್ನೆಲ್ಲ ತೆಗೆದುಹಾಕಿ, ಮೊದಲ ವರ್ಷದ ಒಂದು ಟ್ಯುಟೋರಿಯಲ್ ಮಾತ್ರ ಉಳಿಸಿಕೊಳ್ಳಲಾಯಿತು. ಹತ್ತು ಹನ್ನೆರಡು ವಿದ್ಯಾರ್ಥಿಗಳು ಒಬ್ಬ ಅಧ್ಯಾಪಕರ ಬಳಿ ಯಾವುದೋ ಒಂದು ಕಿರಿದಾದ ವಿಷಯವನ್ನು ಹಿಡಿದು ಓದುವುದನ್ನೂ ಬರೆಯುವುದನ್ನೂ ಮಾತಾಡುವುದನ್ನೂ ಕಲಿಯುತ್ತಾರೆ. ಮೇಜರ್ ಆರಿಸುವವರೆಗೆ ಅದೇ ಅಧ್ಯಾಪಕರೇ ಅವರ ಸಲಹೆಗಾರರು. ಉಳಿದದ್ದೆಲ್ಲ ವಿದ್ಯಾರ್ಥಿ ಮತ್ತು ಸಲಹೆಗಾರರು ಕೂತು ಗೊತ್ತುಮಾಡಿಕೊಳ್ಳಬೇಕಾದದ್ದು. ರಸಾಯನಶಾಸ್ತ್ರದ ಜೊತೆಗೆ ರಷ್ಯನ್ ಸಾಹಿತ್ಯ ಓದಿದರೆ ತಡೆಯುವವರಿಲ್ಲ, ಗಣಿತವನ್ನು ಮುಟ್ಟದೆ ಹೊರಟರೂ ನಿಯಮ ಅಡ್ಡ ಬರುವುದಿಲ್ಲ. ಇಷ್ಟು ಸ್ವಾತಂತ್ರ್ಯ ಚೆನ್ನಾಗಿ ನಡೆಯುವುದು ಸಲಹೆಗಾರರ ಬಾಗಿಲು ತಟ್ಟುವ ಅಭ್ಯಾಸವಿರುವವರಿಗೆ. ಹಿರಿಯರು ಹೇಳಿದ ಕಾಂಬಿನೇಷನ್ ತೆಗೆದುಕೊಂಡು ಬಂದವರಿಗೆ ಮೊದಲ ಸೆಮಿಸ್ಟರಿನಲ್ಲಿ ಬಯಲಿನಲ್ಲಿ ಬಿಟ್ಟಂತಾಗುತ್ತದೆ. ಬಯಲು ಎಂಬ ಮಾತು ಅಲ್ಲಿ ಅಕ್ಷರಶಃ ನಿಜವೂ ಹೌದು: ಒಂಬತ್ತು ಸಾವಿರ ಚಿಲ್ಲರೆ ಜನರ ಊರು, ಸುತ್ತ ಮೆಕ್ಕೆಜೋಳ ಮತ್ತು ಸೋಯಾ ಹೊಲಗಳು, ರಾಜ್ಯದ ರಾಜಧಾನಿ ಡಿ ಮೊಯ್ನ್‌ಗೆ ಸುಮಾರು 90 ಕಿಲೋಮೀಟರು, ಮೂಳೆ ಕೊರೆಯುವ ಚಳಿಗಾಲ.

ಒಂದು ಸಣ್ಣ ಕಾಲೇಜು ಒಬ್ಬನ ಬದುಕಿನಲ್ಲಿ ಏನು ಮಾಡಬಲ್ಲದು ಎಂಬುದಕ್ಕೆ ರಾಬರ್ಟ್ ನಾಯ್ಸ್ ಅವರ ಕಥೆ ಒಳ್ಳೆಯ ಉದಾಹರಣೆ. 1948ರಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಹಾಸ್ಟೆಲಿನ ಔತಣಕ್ಕೆಂದು ಪಕ್ಕದ ಹೊಲದಿಂದ ಒಂದು ಹಂದಿಯನ್ನು ಕದ್ದರು. ಹಂದಿ ಊರಿನ ಮೇಯರರದು. ಅಯೊವಾದಲ್ಲಿ ಸಾಕುಪ್ರಾಣಿಯ ಕಳವು ಸಣ್ಣ ಅಪರಾಧವಲ್ಲ. ಭೌತಶಾಸ್ತ್ರದ ಅಧ್ಯಾಪಕ ಗ್ರಾಂಟ್ ಗೇಲ್ ಮುಂತಾದವರು ಮಧ್ಯೆ ಬಂದುದರಿಂದ ಕಾಲೇಜಿನಿಂದ ಹೊರದೂಡುವ ಬದಲು ಒಂದು ಸೆಮಿಸ್ಟರಿನ ಅಮಾನತಿಗೆ ವಿಷಯ ಮುಗಿಯಿತು. ಮರಳಿ ಬಂದ ನಾಯ್ಸ್‌ಗೆ, ಆಗಷ್ಟೇ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ್ದ ಟ್ರಾನ್ಸಿಸ್ಟರನ್ನು ಪರಿಚಯಿಸಿದವರೂ ಇದೇ ಗೇಲ್. ನಾಯ್ಸ್ ಮುಂದೆ ಇಂಟಿಗ್ರೇಟೆಡ್ ಸರ್ಕ್ಯೂಟಿನ, ಅಂದರೆ ಇಂದಿನ ಚಿಪ್ಪಿನ, ಜನಕರಲ್ಲಿ ಒಬ್ಬರಾದರು, 1968ರಲ್ಲಿ ಇಂಟೆಲ್ ಕಂಪನಿ ಕಟ್ಟಿದರು. ಬೆಂಗಳೂರಿನಲ್ಲಿ ಆ ಕಂಪನಿಯ ಕಚೇರಿಯ ಮುಂದೆ ದಿನವೂ ಹಾದುಹೋಗುವವರಿಗೆ ಅದರ ಹಿಂದೆ ಒಂದು ಹಂದಿಯ ಕಥೆಯಿದೆಯೆಂದು ಗೊತ್ತಿರಲಿಕ್ಕಿಲ್ಲ. ಕಾಲೇಜಿನ ಟ್ರಸ್ಟಿಗಳು ಇಂಟೆಲ್‌ನಲ್ಲಿ ಮೊದಲೇ ಹಣ ತೊಡಗಿಸಿದರು. ಟ್ರಸ್ಟಿಯಾಗಿದ್ದ ಜೋಸೆಫ್ ರೋಸೆನ್‌ಫೀಲ್ಡ್ ಮತ್ತು ಅವರು ಕರೆತಂದ ಹೂಡಿಕೆದಾರ ವಾರೆನ್ ಬಫೆಟ್ ಕಾಲೇಜಿನ ನಿಧಿಯನ್ನು ಬೆಳೆಸಿದ ಬಗೆಯೇ ಬೇರೊಂದು ಲೇಖನಕ್ಕೆ ವಸ್ತುವಾದೀತು. ಇಲ್ಲಿ ಬೇಕಾದದ್ದು ಇಷ್ಟೇ: ಸುಮಾರು 1,700 ವಿದ್ಯಾರ್ಥಿಗಳ ಈ ಕಾಲೇಜಿನ ಮೂಲನಿಧಿ ಇಂದು 200 ಕೋಟಿ ಡಾಲರಿಗೂ ಹೆಚ್ಚು, ಆದ್ದರಿಂದ ಅದು ಕೊಡುವ ನೆರವೂ ಧಾರಾಳ.

ರೀಡ್: ಪ್ರಬಂಧವಿಲ್ಲದೆ ಪದವಿಯಿಲ್ಲ

ಕೊಲಂಬಿಯಾ ನದಿಯ ಹಬೆದೋಣಿಗಳಿಂದ ಸಂಪತ್ತು ಗಳಿಸಿದ ಸಿಮಿಯನ್ ರೀಡ್ ಮತ್ತು ಅವರ ಪತ್ನಿ ಅಮಾಂಡಾ ಅವರ ಆಸ್ತಿಯಿಂದ ಪೋರ್ಟ್‌ಲ್ಯಾಂಡ್ ನಗರದಲ್ಲಿ 1908ರಲ್ಲಿ ಸ್ಥಾಪನೆಯಾಗಿ 1911ರಲ್ಲಿ ತರಗತಿ ಆರಂಭಿಸಿದ ರೀಡ್, ಇಲ್ಲಿನ ನಾಲ್ಕರಲ್ಲಿ ಕಿರಿಯದು. ಮೊದಲ ಅಧ್ಯಕ್ಷ ವಿಲಿಯಂ ಫಾಸ್ಟರ್‌ಗೆ ಆಗಿನ ಅಮೆರಿಕನ್ ಕಾಲೇಜುಗಳ ಫುಟ್‌ಬಾಲ್ ಹುಚ್ಚು ಮತ್ತು ಫ್ರಟರ್ನಿಟಿ ಎಂಬ ವಿದ್ಯಾರ್ಥಿ ಕೂಟಗಳ ಮೇಲೆ ಬಹಳ ಸಿಟ್ಟಿತ್ತು. ಎರಡಕ್ಕೂ ಅವರು ಜಾಗ ಕೊಡಲಿಲ್ಲ. ಇಂದಿಗೂ ಅಲ್ಲಿ ಅಂತರ ಕಾಲೇಜು ಕ್ರೀಡಾ ಲೀಗುಗಳ ತಂಡಗಳಿಲ್ಲ, ಫ್ರಟರ್ನಿಟಿಗಳಿಲ್ಲ. ಓದುವುದಕ್ಕೆ ಬಂದವರು ಓದಲಿ ಎಂಬುದೇ ಅಲ್ಲಿನ ಹಟ.

ಆ ಹಟ ಮೂರು ಹಂತಗಳಲ್ಲಿ ವಿದ್ಯಾರ್ಥಿಯನ್ನು ಹಿಡಿಯುತ್ತದೆ. ಮೊದಲ ವರ್ಷ ಎಲ್ಲರೂ ಕೂಡಿ ಓದುವ ‘ಹ್ಯುಮ್ಯಾನಿಟೀಸ್ 110’. ಹಳೆಯ ಗ್ರೀಸ್ ಮತ್ತು ಅದರ ನೆರೆಹೊರೆಗಳಿಗೆ ಸೀಮಿತವಾಗಿದ್ದ ಇದರ ವಿರುದ್ಧ 2016ರಿಂದ ವಿದ್ಯಾರ್ಥಿಗಳು ಪ್ರತಿಭಟಿಸಿದ ಮೇಲೆ 2018ರಲ್ಲಿ ಮೆಕ್ಸಿಕೊ ನಗರ ಮತ್ತು ನ್ಯೂಯಾರ್ಕಿನ ಕರಿಯರ ಬಡಾವಣೆ ಹಾರ್ಲೆಮ್ ಕೂಡ ಪಠ್ಯದೊಳಗೆ ಬಂದವು. ಮೂರನೆಯ ವರ್ಷದ ಕೊನೆಗೆ, ಆರಿಸಿದ ವಿಷಯದಲ್ಲಿ ಮುಂದುವರಿಯುವ ಯೋಗ್ಯತೆಯಿದೆಯೇ ಎಂದು ನೋಡುವ ಒಂದು ಅರ್ಹತಾ ಪರೀಕ್ಷೆ. ನಾಲ್ಕನೆಯ ವರ್ಷ ಪೂರ್ತಿ ಒಂದು ಪ್ರಬಂಧ. ಅದನ್ನು ಅಧ್ಯಾಪಕರ ಮಂಡಳಿಯ ಮುಂದೆ ಮೌಖಿಕವಾಗಿ ಸಮರ್ಥಿಸಿಕೊಳ್ಳಬೇಕು. ಭೌತಶಾಸ್ತ್ರದವರಿಗೂ ರಂಗಭೂಮಿಯವರಿಗೂ ರಿಯಾಯಿತಿಯಿಲ್ಲ. ಬರೆದು ಮುಗಿಸಿದ ದಿನ ಗ್ರಂಥಾಲಯದಿಂದ ಮೆರವಣಿಗೆ ಹೊರಡುತ್ತದೆ. ದಶಕಗಳಿಂದ ಸಲ್ಲಿಕೆಯಾದ ಪ್ರಬಂಧಗಳೆಲ್ಲ ಗ್ರಂಥಾಲಯದ ಒಂದು ಗೋಪುರದಲ್ಲಿ ಸಾಲಾಗಿ ನಿಂತಿವೆ. ಮೂರು ವರ್ಷದ ಪದವಿಯಲ್ಲಿ ಇಂಥ ಕೆಲಸಕ್ಕೆ ಬಿಡುವಿಲ್ಲ. ನಮ್ಮಲ್ಲಿ ಎಂ.ಎ., ಎಂ.ಎಸ್‌ಸಿ. ಮುಗಿಸಿದವರೂ ಒಂದು ವಿಷಯದೊಂದಿಗೆ ಇಷ್ಟು ದೀರ್ಘಕಾಲ ಒಂಟಿಯಾಗಿ ಗುದ್ದಾಡಿರುವುದಿಲ್ಲ ಎಂಬುದನ್ನು ನೆನೆದರೆ ನಾಲ್ಕನೆಯ ವರ್ಷದ ಬೆಲೆ ತಿಳಿಯುತ್ತದೆ.

ಅಂಕಗಳ ವಿಷಯದಲ್ಲಿ ರೀಡ್ ಸೇಂಟ್ ಜಾನ್ಸ್‌ಗೆ ಹತ್ತಿರ: ಕೆಲಸ ತೃಪ್ತಿಕರವಾಗಿರುವವರೆಗೆ ದರ್ಜೆಯನ್ನು ವಿದ್ಯಾರ್ಥಿಗೆ ತಾನಾಗಿ ತಿಳಿಸುವುದಿಲ್ಲ, ಕೇಳಿದರೆ ಹೇಳುತ್ತಾರೆ. ಆದರೆ ದರ್ಜೆ ಕೊಡುವ ಕೈ ಬಿಗಿ ಎಂಬುದು ಅಲ್ಲಿ ಓದಿದವರೆಲ್ಲ ಬಲ್ಲ ಸಂಗತಿ. 1995ರಲ್ಲಿ ರೀಡ್ ಯು.ಎಸ್. ನ್ಯೂಸ್ ಪತ್ರಿಕೆಯ ರ‍್ಯಾಂಕಿಂಗಿಗೆ ಮಾಹಿತಿ ಕೊಡುವುದನ್ನು ನಿಲ್ಲಿಸಿತು. ಆದ್ದರಿಂದ ಆ ಪಟ್ಟಿಯಲ್ಲಿ ಅದರ ಸ್ಥಾನ ನೋಡಿ ತೀರ್ಮಾನಿಸುವವರು ಕಾಲೇಜನ್ನಲ್ಲ, ಒಂದು ಹಳೆಯ ಮುನಿಸನ್ನು ಅಳೆಯುತ್ತಿದ್ದಾರೆ. ಪದವೀಧರರ ಪೈಕಿ ಮುಂದೆ ಪಿಎಚ್.ಡಿ. ಪಡೆಯುವವರ ಪ್ರಮಾಣವನ್ನು ನೋಡಿದರೆ ರೀಡ್ ಅಮೆರಿಕದ ಮೊದಲ ಸಾಲಿನಲ್ಲೇ ಇದೆ. 1968ರಿಂದ ಅಲ್ಲೊಂದು ಸಣ್ಣ ಸಂಶೋಧನಾ ಅಣುಸ್ಥಾವರವಿದ್ದು, ಅದನ್ನು ಬಹುಪಾಲು ನಡೆಸುವವರು ಪರವಾನಗಿ ಪಡೆದ ಪದವಿ ವಿದ್ಯಾರ್ಥಿಗಳೇ; ಅವರಲ್ಲಿ ಭೌತಶಾಸ್ತ್ರ ಓದದವರೂ ಇರುತ್ತಾರೆ.

ರೀಡ್ ಎಂದೊಡನೆ ಎಲ್ಲರೂ ಹೇಳುವ ಹೆಸರು ಸ್ಟೀವ್ ಜಾಬ್ಸ್. ಅವರು 1972ರಲ್ಲಿ ಸೇರಿ, ತಂದೆತಾಯಿಯರ ಹಣ ಪೋಲಾಗುತ್ತಿದೆಯೆಂದು ಒಂದು ಸೆಮಿಸ್ಟರಿನ ಬಳಿಕ ಹೆಸರು ತೆಗೆಸಿ, ಆಮೇಲೂ ಸುಮಾರು ಒಂದೂವರೆ ವರ್ಷ ಆವರಣದಲ್ಲೇ ಉಳಿದು ಕ್ಯಾಲಿಗ್ರಫಿಯಂಥ ತರಗತಿಗಳಲ್ಲಿ ಕೂರುತ್ತಿದ್ದರು. ಈ ಕಥೆಯನ್ನು ಕಾಲೇಜು ಬಿಟ್ಟರೂ ಗೆಲ್ಲಬಹುದು ಎಂಬುದಕ್ಕೆ ಸಾಕ್ಷಿಯಾಗಿ ಬಳಸುವವರೇ ಹೆಚ್ಚು. ನನಗೆ ಕಾಣುವುದು ಬೇರೆ: ಶುಲ್ಕ ಕಟ್ಟದ ಹುಡುಗನನ್ನು ತರಗತಿಯಲ್ಲಿ ಕೂರಗೊಟ್ಟ ಕಾಲೇಜು ಅದು. ಮಕ್ಕಳನ್ನು ಕಳುಹಿಸುವವರು ಇದರ ಇನ್ನೊಂದು ಮಗ್ಗುಲನ್ನೂ ತಿಳಿದಿರಬೇಕು. ಅಲ್ಲಿ ಬರೆದಿಟ್ಟ ನಿಯಮಗಳಿಗಿಂತ ‘ಆನರ್ ಪ್ರಿನ್ಸಿಪಲ್’ ಎಂಬ ಪರಸ್ಪರ ನಂಬಿಕೆಯ ತತ್ತ್ವ ದೊಡ್ಡದು, ಪರೀಕ್ಷೆಗೆ ಮೇಲ್ವಿಚಾರಕರಿಲ್ಲ, ಓದಿನ ಒತ್ತಡ ಮಾತ್ರ ವಿಪರೀತ. ತನ್ನನ್ನು ತಾನೇ ನಿಲ್ಲಿಸಿಕೊಳ್ಳಲು ಬಾರದವರಿಗೆ ಅದು ಕಷ್ಟದ ಜಾಗ.

ಬೆರಿಯಾ: ಬೋಧನಾ ಶುಲ್ಕವಿಲ್ಲ, ಕೆಲಸ ತಪ್ಪಿದ್ದಲ್ಲ

ಗುಲಾಮಗಿರಿ ಕಾನೂನುಬದ್ಧವಾಗಿದ್ದ ಕೆಂಟಕಿ ರಾಜ್ಯದಲ್ಲಿ 1855ರಲ್ಲಿ ಜಾನ್ ಫೀ ಎಂಬ ಪಾದ್ರಿ ಬೆರಿಯಾವನ್ನು ಶುರುಮಾಡಿದರು. ದೇವರು ಭೂಮಿಯ ಜನರನ್ನೆಲ್ಲ ಒಂದೇ ರಕ್ತದಿಂದ ಮಾಡಿದ್ದಾನೆ ಎಂಬ ಬೈಬಲಿನ ಮಾತೇ ಕಾಲೇಜಿನ ಧ್ಯೇಯವಾಕ್ಯ. 1859ರಲ್ಲಿ ಗುಲಾಮಗಿರಿಯ ಬೆಂಬಲಿಗರು ಅವರನ್ನು ರಾಜ್ಯದಿಂದಲೇ ಓಡಿಸಿದರು. ಅಂತರ್ಯುದ್ಧದ ನಂತರ ಮರಳಿ ಬಂದು ಕರಿಯರನ್ನೂ ಬಿಳಿಯರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರು. 1866-67ರ 187 ವಿದ್ಯಾರ್ಥಿಗಳಲ್ಲಿ 96 ಮಂದಿ ಕರಿಯರು, 91 ಮಂದಿ ಬಿಳಿಯರು. ಇದನ್ನು ಸಹಿಸದ ರಾಜ್ಯ 1904ರಲ್ಲಿ ‘ಡೇ ಕಾನೂನು’ ತಂದು ಕರಿಯರೂ ಬಿಳಿಯರೂ ಕೂಡಿ ಓದುವುದನ್ನು ನಿಷೇಧಿಸಿತು. ರಾಜ್ಯದಲ್ಲಿ ಆಗ ಹಾಗೆ ಬೆರೆತು ಓದುತ್ತಿದ್ದ ಕಾಲೇಜು ಬೆರಿಯಾ ಒಂದೇ ಆಗಿದ್ದುದರಿಂದ ಕಾನೂನಿನ ಗುರಿ ಯಾರೆಂಬುದರಲ್ಲಿ ಸಂಶಯವಿರಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು, 1908ರಲ್ಲಿ ಕಾಲೇಜು ಸೋತಿತು. ಕಾನೂನು ಸಡಿಲಗೊಂಡದ್ದು 1950ರಲ್ಲಿ, ಮತ್ತು ಆ ವರ್ಷವೇ ಬೆರಿಯಾ ತನ್ನ ಬಾಗಿಲನ್ನು ಕರಿಯ ವಿದ್ಯಾರ್ಥಿಗಳಿಗೆ ಮತ್ತೆ ತೆರೆಯಿತು.

ಇನ್ನೊಂದು ಹಟ ಹಣದ್ದು. 1892ರಿಂದ ಬೆರಿಯಾ ಯಾರಿಂದಲೂ ಬೋಧನಾ ಶುಲ್ಕ ಪಡೆದಿಲ್ಲ. ಮುಖ್ಯವಾಗಿ ಅಪ್ಪಲೇಚಿಯಾ ಬೆಟ್ಟಸಾಲಿನ ಬಡಕುಟುಂಬಗಳ ಮಕ್ಕಳಿಗೆಂದೇ ಇರುವ ಈ ಕಾಲೇಜು, ಷರತ್ತಿಲ್ಲದೆ ಬರುವ ಮರಣಶಾಸನದ ದಾನಗಳನ್ನೆಲ್ಲ ಖರ್ಚು ಮಾಡದೆ ಮೂಲನಿಧಿಗೇ ಹಾಕಬೇಕೆಂದು 1920ರಲ್ಲಿ ತೀರ್ಮಾನಿಸಿತು. ಒಂದು ಶತಮಾನದ ಆ ಮಿತವ್ಯಯದಿಂದ ಬೆಳೆದ ನಿಧಿಯ ಆದಾಯವೇ ಇಂದು ಶುಲ್ಕದ ಜಾಗವನ್ನು ತುಂಬುತ್ತಿದೆ. ಪ್ರತಿಯಾಗಿ ಎಲ್ಲ ವಿದ್ಯಾರ್ಥಿಗಳೂ ವಾರಕ್ಕೆ ಕನಿಷ್ಠ ಹತ್ತು ಗಂಟೆ ಕಾಲೇಜಿನ ಯಾವುದಾದರೂ ಕೆಲಸ ಮಾಡಬೇಕು: ತೋಟ, ಅಡುಗೆಮನೆ, ಗ್ರಂಥಾಲಯ, ಕಾಲೇಜೇ ನಡೆಸುವ ಹೋಟೆಲು, ನೇಯ್ಗೆ, ಮರಗೆಲಸ, ಕಸಪೊರಕೆ ಕಟ್ಟುವುದು. ದೈಹಿಕ ಶ್ರಮವನ್ನೂ ವಿದ್ಯೆಯನ್ನೂ ಬೇರೆಬೇರೆ ಜಾತಿಗಳಿಗೆ ಹಂಚಿಕೊಟ್ಟ ಸಮಾಜದಿಂದ ಹೋಗುವ ಹುಡುಗನಿಗೆ ಪೊರಕೆ ಕಟ್ಟುವ ಆ ಹತ್ತು ಗಂಟೆಗಳಲ್ಲಿ ಸಿಗುವ ಪಾಠ ಯಾವ ಸಮಾಜಶಾಸ್ತ್ರದ ಪುಸ್ತಕದಲ್ಲೂ ಸಿಗದು. ಹೊರದೇಶದವರನ್ನು ಬೆರಿಯಾ ತೆಗೆದುಕೊಳ್ಳುವುದು ವರ್ಷಕ್ಕೆ ಕೆಲವೇ ಮಂದಿಯನ್ನು ಮಾತ್ರ. ಆಯ್ಕೆಯಾದವರಿಗೆ ಹಣದ ಚಿಂತೆ ಬಹುಮಟ್ಟಿಗೆ ಇರುವುದಿಲ್ಲ. ಆದರೆ ಅನುಕೂಲಸ್ಥ ಮನೆಯವರಿಗೆ ಅಲ್ಲಿ ಜಾಗವಿಲ್ಲ, ಅರ್ಜಿ ಹಾಕಿ ಬಡವರ ಮಕ್ಕಳ ಸಾಲಿನಲ್ಲಿ ನಿಲ್ಲುವುದೂ ಸರಿಯಲ್ಲ.

ಶ್ರಮ ಮತ್ತು ಓದನ್ನು ಇನ್ನೂ ತೀವ್ರವಾಗಿ ಹೆಣೆದ ಡೀಪ್ ಸ್ಪ್ರಿಂಗ್ಸ್ ಎಂಬ ಎರಡು ವರ್ಷದ ಕಾಲೇಜು ಕ್ಯಾಲಿಫೋರ್ನಿಯಾದ ಮರುಭೂಮಿಯ ಕಣಿವೆಯಲ್ಲಿದೆ: 1917ರಲ್ಲಿ ಶುರುವಾದದ್ದು, ಒಟ್ಟು ವಿದ್ಯಾರ್ಥಿಗಳು ಸುಮಾರು 26, ದನ ಮೇಯಿಸುವುದೂ ಕುದುರೆಮಸಾಲೆ ಸೊಪ್ಪು ಬೆಳೆಯುವುದೂ ಅವರೇ, ಶುಲ್ಕವಿಲ್ಲ, ವಿದ್ಯಾರ್ಥಿನಿಯರಿಗೆ ಪ್ರವೇಶ ಸಿಕ್ಕಿದ್ದು 2018ರಲ್ಲಿ. ಅದನ್ನು ಸ್ಥಾಪಿಸಿದ ಎಲ್.ಎಲ್. ನನ್ 1891ರಲ್ಲಿ ಕೊಲರಾಡೊದ ಚಿನ್ನದ ಗಣಿಯೊಂದಕ್ಕೆ ಜಲವಿದ್ಯುತ್ತನ್ನು ಪರ್ಯಾಯ ಪ್ರವಾಹವಾಗಿ ಸಾಗಿಸಿ ತೋರಿಸಿದವರು. ಅದೇ ಬಗೆಯ ಕೆಲಸವನ್ನು ಹನ್ನೊಂದು ವರ್ಷಗಳ ಬಳಿಕ, ಬಹಳ ದೊಡ್ಡ ಅಳತೆಯಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಮೈಸೂರು ಸಂಸ್ಥಾನ ಮಾಡಿತು. ಸಾವಿರಾರು ಮಂದಿಗೆ ಹೇಳುವ ಆಯ್ಕೆ ಇದಲ್ಲವಾದ್ದರಿಂದ ಹೋಲಿಕೆಗೆ ಸೇರಿಸಿಲ್ಲ.

ಹಣ, ವೀಸಾ ಮತ್ತು ಎಂಜಿನಿಯರಿಂಗ್

ಗ್ರಿನೆಲ್ ಮತ್ತು ರೀಡ್‌ಗಳ ಘೋಷಿತ ವೆಚ್ಚ, ಊಟ ವಸತಿ ಸೇರಿ, ವರ್ಷಕ್ಕೆ 80,000 ಡಾಲರನ್ನು ಮೀರುತ್ತದೆ. ಅಷ್ಟನ್ನು ಪೂರ್ತಿಯಾಗಿ ಕಟ್ಟುವವರು ಕಡಿಮೆ. ಆದರೆ ನೆರವು ಕೇಳುವ ಹೊರದೇಶದ ಅರ್ಜಿದಾರನ ಆರ್ಥಿಕ ಸ್ಥಿತಿಯನ್ನು ಪ್ರವೇಶ ಕೊಡುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳುವ ಕಾಲೇಜುಗಳೇ ಹೆಚ್ಚು, ಅಂದರೆ ಹೆಚ್ಚು ನೆರವು ಕೇಳಿದಷ್ಟೂ ಸ್ಪರ್ಧೆ ಬಿಗಿ. ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್ ಕಾಲೇಜು ಹೊರದೇಶದವರ ವಿಷಯದಲ್ಲೂ ಇದನ್ನು ನೋಡದೆ ಪ್ರವೇಶ ಕೊಡುವ ಕೆಲವೇ ಸಂಸ್ಥೆಗಳಲ್ಲಿ ಒಂದು; ಆದರೆ ಅಲ್ಲಿ ಸೀಟು ಸಿಗುವುದೇ ಕಷ್ಟ. ಸೇಂಟ್ ಜಾನ್ಸ್ 2018ರಲ್ಲಿ ತನ್ನ ಬೋಧನಾ ಶುಲ್ಕವನ್ನು ಸುಮಾರು 52,000 ಡಾಲರಿನಿಂದ 35,000 ಡಾಲರಿಗೆ ಇಳಿಸುವುದಾಗಿ ಘೋಷಿಸಿತು. ಮೊದಲು ದೊಡ್ಡ ಬೆಲೆ ಹೇಳಿ ಆಮೇಲೆ ರಿಯಾಯಿತಿ ಕೊಡುವ ಅಮೆರಿಕನ್ ಕಾಲೇಜುಗಳ ವ್ಯಾಪಾರಕ್ಕೆ ಅದು ಬೇಸತ್ತಿತ್ತು, ಮತ್ತು ಆ ಪ್ರಾಮಾಣಿಕತೆ ನನಗೆ ಹಿಡಿಸುತ್ತದೆ.

ಪದವಿಯ ಬಳಿಕ ಅಲ್ಲೇ ಕೆಲಸ ಮಾಡುವ ಯೋಚನೆಯಿದ್ದರೆ ವೀಸಾದ ಲೆಕ್ಕ ಮುಖ್ಯ. ಈಗಿನ ನಿಯಮದಂತೆ ವಿದ್ಯಾರ್ಥಿ ವೀಸಾದವರಿಗೆ ಓದಿಗೆ ಸಂಬಂಧಿಸಿದ ಕೆಲಸಕ್ಕೆ 12 ತಿಂಗಳ ಅವಕಾಶವಿದೆ, ಪದವಿ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು. ಗ್ರಿನೆಲ್, ರೀಡ್, ಬೆರಿಯಾಗಳಲ್ಲಿ ಕಂಪ್ಯೂಟರ್ ವಿಜ್ಞಾನವನ್ನೋ ಭೌತಶಾಸ್ತ್ರವನ್ನೋ ಮೇಜರ್ ಮಾಡಿದವರು ಎರಡನೆಯ ಗುಂಪಿಗೆ ಸೇರುತ್ತಾರೆ. ನಾಲ್ಕು ವರ್ಷ ಗಣಿತ, ಮೂರು ವರ್ಷ ಪ್ರಯೋಗಾಲಯ ಮುಗಿಸಿದರೂ ಸೇಂಟ್ ಜಾನ್ಸ್ ಪದವಿಯ ಮೇಲಿರುವುದು ಲಿಬರಲ್ ಆರ್ಟ್ಸ್ ಎಂಬ ಹೆಸರು, ಆದ್ದರಿಂದ ಆ 24 ತಿಂಗಳ ಆಸೆ ಇಟ್ಟುಕೊಳ್ಳಬಾರದು. ಎಂಜಿನಿಯರಿಂಗ್ ಬಿಡಲಾರದ, ಸಣ್ಣ ಕಾಲೇಜೂ ಬೇಕೆನ್ನುವ ಮನೆಯವರು ಈ ನಾಲ್ಕನ್ನು ಬಿಟ್ಟು ಸ್ವಾರ್ತ್‌ಮೋರ್ ಕಡೆಗೆ ನೋಡುವುದು ಲೇಸು. 1864ರಲ್ಲಿ ಕ್ವೇಕರ್ ಪಂಥದವರು ಕಟ್ಟಿದ ಆ ಕಾಲೇಜು ಎಂಜಿನಿಯರಿಂಗ್ ಪದವಿಯನ್ನು ತಾನೇ ಕೊಡುತ್ತದೆ. ಇಷ್ಟು ದೂರ ಹೋಗಲಾಗದವರಿಗೆ ಬೆಂಗಳೂರಿನಲ್ಲೇ, 2010ರ ರಾಜ್ಯ ಕಾಯಿದೆಯಡಿ ಹುಟ್ಟಿದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಪದವಿ ತರಗತಿಗಳು ಇದೇ ಬಗೆಯ ಓದಿನ ಒಂದು ರೂಪವನ್ನು ಕೊಡುತ್ತವೆ; ಅದನ್ನು ಈ ನಾಲ್ಕರ ಜೊತೆ ತೂಗುವುದಕ್ಕಿಂತ ಅದರ ಆವರಣಕ್ಕೆ ಒಂದು ದಿನ ಹೋಗಿ ಬರುವುದು ಸುಲಭ.

ಅರ್ಜಿಗೆ ಮುಂಚೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಅಮೆರಿಕಕ್ಕೆ ಹೋಗಿ ಕಾಲೇಜು ನೋಡಿ ಬರುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಅದಕ್ಕೆ ಬದಲಾಗಿ ಪ್ರತಿ ಕಾಲೇಜಿನ ಹಟವನ್ನೂ ಮನೆಯಲ್ಲಿಯೇ ಒಂದು ವಾರ ಅನುಭವಿಸಿ ನೋಡಬಹುದು. ಸೇಂಟ್ ಜಾನ್ಸ್ ಮನಸ್ಸಿನಲ್ಲಿದ್ದರೆ ಯೂಕ್ಲಿಡ್‌ನ ಮೊದಲ ಪುಸ್ತಕದ ಮೊದಲ ಐದು ಪ್ರಮೇಯಗಳನ್ನು ಓದಿ, ಪುಸ್ತಕ ಮುಚ್ಚಿ, ಮನೆಯವರ ಎದುರು ಗೋಡೆಯ ಮೇಲೆ ಬರೆದು ಸಾಧಿಸಿ ತೋರಿಸಲಿ. ಐದನೆಯದನ್ನು ‘ಕತ್ತೆಗಳ ಸೇತುವೆ’ ಎಂದು ಕರೆಯುವುದು ಏಕೆಂದು ಆಗ ತಿಳಿಯುತ್ತದೆ. ಗ್ರಿನೆಲ್ಲಿಗಾದರೆ ಅಲ್ಲಿನ ಕೋರ್ಸ್ ಪಟ್ಟಿಯನ್ನು ಇಳಿಸಿಕೊಂಡು ಎಂಟು ಸೆಮಿಸ್ಟರುಗಳಿಗೆ ತಾನೇ ಒಂದು ಯೋಜನೆ ಬರೆದು, ಪ್ರತಿಯೊಂದಕ್ಕೂ ಒಂದು ಸಾಲಿನ ಕಾರಣ ಕೊಡಲಿ. ಯೋಜನೆಯ ಆರನೆಯ ಸೆಮಿಸ್ಟರಿನಲ್ಲಿ ಕಾರಣಗಳು ಮುಗಿದುಹೋದರೆ ಅದೂ ಒಂದು ಮಾಹಿತಿಯೇ. ರೀಡ್‌ಗಾದರೆ ಒಂದು ಪ್ರಶ್ನೆಯನ್ನು ಆರಿಸಿ, ಯಾರೂ ಅಂಕ ಕೊಡದ ಹತ್ತು ಪುಟ ಬರೆಯಲಿ. ಬೆರಿಯಾಗೆ ಅರ್ಜಿ ಹಾಕುವವರು ಕಾಲೇಜಿನ ಕೆಲಸಗಳ ಪಟ್ಟಿಯನ್ನು ಓದಿ ತನಗೆ ಯಾವುದು ಬಂದೀತು, ಯಾವುದು ಬಾರದು ಎಂದು ಗುರುತು ಹಾಕಿಕೊಂಡು, ಬಾರದ ಒಂದನ್ನು ಈ ವಾರವೇ ಮನೆಯಲ್ಲಿ ಹತ್ತು ಗಂಟೆ ಮಾಡಿ ನೋಡಲಿ.